ಸ್ನಾನದ ಮನೆಯಲ್ಲಿ ಗೇರ್‌ಬಾಕ್ಸ್: ಹರ್ಷಿಯಲ್ಲಿ ಆರ್‌ವಿ ವಾಸ

ಅಮೆರಿಕದ ಹರ್ಷಿ ಊರಿನ ಹಳೆಯ ಕಾರುಗಳ ಮೇಳಕ್ಕೆ ಹೋದ ಮೊದಲ ವರ್ಷ ನಾನು ಕೆಟ್ಟದ್ದು ಅನುಕೂಲ ಹುಡುಕಲು ಹೋಗಿ. ನೀರು, ಕರೆಂಟು, ಚರಂಡಿ ಮೂರೂ ಇರುವ ಜಾಗವೇ ಬೇಕೆಂದು ಪಟ್ಟು ಹಿಡಿದು, ಹರ್ಷಿಯಿಂದ 35 ಮೈಲಿ ದೂರದ ಶಿಬಿರ ತಾಣವೊಂದರಲ್ಲಿ ಆರ್‌ವಿ, ಅಂದರೆ ಮನೆಯಂತೆ ವಾಸಿಸುವ ವಾಹನ, ನಿಲ್ಲಿಸಿದೆ. ನಮ್ಮದು 24 ಅಡಿಯ ಹಳೆಯ ಮೋಟಾರ್‌ಹೋಮ್. ಮನೆಯೂ ಅದೇ, ವಾಹನವೂ ಅದೇ. ಹಿಂದೆ ಕಾರು ಕಟ್ಟಿಕೊಂಡು ಹೋಗುವ ವ್ಯವಸ್ಥೆ ನಮ್ಮಲ್ಲಿಲ್ಲ. ಹೀಗಾಗಿ ಪ್ರತಿ ಬೆಳಗ್ಗೆ ತಂತಿ ಬಿಚ್ಚಿ, ಕೊಳವೆ ಸುತ್ತಿ, ಕಪ್ಪು ಬಸಿ ಉರುಳದಂತೆ ಭದ್ರಪಡಿಸಿ, ಇಡೀ ಮನೆಯನ್ನೇ ಓಡಿಸಿಕೊಂಡು ಹೊರಡಬೇಕಿತ್ತು. ಮೈದಾನ ತಲುಪುವ ಹೊತ್ತಿಗೆ ಹತ್ತು ಗಂಟೆ. ನಾನು ಹುಡುಕುತ್ತಿದ್ದ ಬಿಡಿಭಾಗದ ಹೆಸರು ಹೇಳಿದಾಗ ಮಾರುವವನು ಖಾಲಿ ಮೇಜಿನ ಮೂಲೆಯೊಂದನ್ನು ತೋರಿಸಿದ: "ಏಳು ಗಂಟೆಗೆ ಇಲ್ಲೇ ಇತ್ತು."

ಮಾರನೆಯ ವರ್ಷ ಅನುಕೂಲಗಳಿಗೆಲ್ಲ ಎಳ್ಳು ನೀರು ಬಿಟ್ಟು ಹತ್ತಿರಕ್ಕೆ ಹೋದೆ. ಅಂದಿನಿಂದ ಹಾಗೆಯೇ ನಡೆಸಿಕೊಂಡು ಬಂದಿದ್ದೇನೆ.

ಹರ್ಷಿ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಚಾಕೊಲೇಟ್ ತಯಾರಕ ಮಿಲ್ಟನ್ ಹರ್ಷಿ 1903ರಲ್ಲಿ ಕಾರ್ಖಾನೆ ಕಟ್ಟಲು ತೊಡಗಿದ, ಅದರ ಸುತ್ತ ಊರು ಬೆಳೆಯಿತು. ಅಲ್ಲಿನ ಚಾಕೊಲೇಟ್ ಅವೆನ್ಯೂದ ಬೀದಿದೀಪಗಳಿಗೂ ಆ ಕಂಪನಿಯ ಚೂಪು ತುದಿಯ ಮಿಠಾಯಿಯದೇ ಆಕಾರ. ಹರ್ಷಿಗೆ ಹೋಗುತ್ತಿದ್ದೇವೆ ಎಂದು ಫೋನಿನಲ್ಲಿ ಹೇಳಿದಾಗ ನಮ್ಮ ಅತ್ತೆ ಅದನ್ನು ಯಾವುದೋ ಮಹರ್ಷಿಯ ಆಶ್ರಮ ಎಂದು ತಿಳಿದು, ಅಳಿಯನಿಗೆ ಕೊನೆಗೂ ಬುದ್ಧಿ ಬಂತೆಂದು ಸಂತೋಷಪಟ್ಟಿದ್ದರು. ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ. 1935ರಲ್ಲಿ ಹುಟ್ಟಿದ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ 1955ರಿಂದ ಈ ಊರಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಹಳೆಯ ಕಾರುಗಳ ಮೇಳ ನಡೆಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಅದು ಮಂಗಳವಾರದಿಂದ ಶುಕ್ರವಾರದವರೆಗೆ ನಡೆಯುತ್ತದೆ. ಮೊದಲ ಮೂರು ದಿನ ಬಿಡಿಭಾಗಗಳ ಸಂತೆ, ಕೊನೆಯ ದಿನ ಕಾರುಗಳ ಪ್ರದರ್ಶನ. ಸಂತೆ ಎಂದರೆ ಹತ್ತಿಪ್ಪತ್ತು ಮೇಜುಗಳಲ್ಲ. 9,000ದಷ್ಟು ಜಾಗಗಳು, ಬಣ್ಣಗಳ ಹೆಸರಿನ ಮೈದಾನಗಳು, ಅಕ್ಷರ ಮತ್ತು ಅಂಕಿಯಿಂದ ಗುರುತಿಸುವ ಸಾಲುಗಳು. ಕೆಂಪು, ಹಸಿರು, ಕಿತ್ತಳೆಯ ಜೊತೆಗೆ ಚಾಕೊಲೇಟ್ ಎಂಬ ಮೈದಾನವೂ ಇದೆ. ಒಂದು ಕಾಲಕ್ಕೆ ಇದೆಲ್ಲ ಹುಲ್ಲುಗಾವಲು. ಮಳೆ ಬಂದರೆ ಮೊಣಕಾಲುದ್ದ ಕೆಸರು. ಆ ಕೆಸರಿನ ಕಥೆಗಳನ್ನು ಹಳಬರು ಯುದ್ಧದ ನೆನಪುಗಳಂತೆ ಹೇಳುತ್ತಾರೆ. ಈಗ ಬಹುಪಾಲು ಡಾಂಬರಾಗಿದೆ. ಕಾಲು ಒಣಗಿರುತ್ತದೆ, ಆದರೆ ಸಂಜೆಯ ವೇಳೆಗೆ ಹಿಮ್ಮಡಿ ಹೆಚ್ಚು ನೋಯುತ್ತದೆ.

ನನ್ನ ಬಳಿ ಇರುವುದು 1950ರ ಸ್ಟುಡಿಬೇಕರ್ ಚಾಂಪಿಯನ್. ಮುಂಭಾಗದಲ್ಲಿ ವಿಮಾನದ ಮೂತಿಯಂತೆ ಗುಂಡಗೆ ಉಬ್ಬಿಕೊಂಡಿರುವ ಕಾರು. ಆರು ಸಿಲಿಂಡರ್, 85 ಅಶ್ವಶಕ್ತಿ; ಏರು ಬಂದಾಗ ಅಶ್ವಗಳಲ್ಲಿ ಅರ್ಧ ರಜೆಯ ಮೇಲಿರುತ್ತವೆ. ಆ ಮೂತಿಯನ್ನು ಸುತ್ತುವರಿಯುವ ಕ್ರೋಮ್ ಬಳೆ ನನ್ನದರಲ್ಲಿ ಸೊಟ್ಟಗಾಗಿ ಸೀಳಿತ್ತು. ಅದಕ್ಕಾಗಿಯೇ ನನ್ನ ಹರ್ಷಿ ಯಾತ್ರೆ ಶುರುವಾದದ್ದು.

ಎರಡನೆಯ ವರ್ಷ ಸಿಕ್ಕಿದ್ದು ಮೈದಾನಕ್ಕೆ ಸೈಕಲ್ಲಿನಲ್ಲಿ ಹೋಗಬಹುದಾದ ದೂರದ ಒಂದು ಬಯಲು. ನೀರಿಲ್ಲ, ಕರೆಂಟಿಲ್ಲ, ಚರಂಡಿಯಿಲ್ಲ. ತಂದದ್ದನ್ನು ಬಳಸು, ಬಳಸಿದ್ದನ್ನು ಹೊತ್ತುಕೊಂಡು ಹೋಗು, ಅಷ್ಟೇ. ಜಾಗವನ್ನು ಹಿಂದಿನ ಅಕ್ಟೋಬರಿನಲ್ಲಿಯೇ ಕಾಯ್ದಿರಿಸಿದ್ದೆ. ಮೇಳದ ವಾರಕ್ಕೆ ಆಗಸ್ಟಿನಲ್ಲಿ ಫೋನು ಮಾಡಿದವರಿಗೆ ನಗು ಮಾತ್ರ ಉತ್ತರ. ವರ್ಜೀನಿಯಾದಿಂದ ಐ-81 ಹೆದ್ದಾರಿ ಹಿಡಿದು, ಟ್ರಕ್ಕುಗಳ ನಡುವೆ ಜೀವ ಬಿಗಿಹಿಡಿದು ಓಡಿಸಿ, 77ನೆಯ ನಿರ್ಗಮನದಲ್ಲಿ ಇಳಿದು 39ನೆಯ ರಸ್ತೆಗೆ ಬಿದ್ದರೆ ಹರ್ಷಿ. ಸೋಮವಾರ ಹಗಲಿನಲ್ಲಿಯೇ ತಲುಪುವುದು ನನ್ನ ನಿಯಮ. ಕತ್ತಲಲ್ಲಿ ಇಳಿಜಾರು ಕಾಣುವುದಿಲ್ಲ, ಗಾಲಿಯಡಿ ಹಲಗೆ ಇಟ್ಟು ಮಟ್ಟ ಮಾಡುವುದು ಅಂದಾಜಿನ ಕೆಲಸವಾಗುತ್ತದೆ. ಮಟ್ಟ ತಪ್ಪಿದರೆ ತಲೆ ಕೆಳಗಾಗಿ ಮಲಗುವುದು ಒಂದು ಕಷ್ಟ. ಗ್ಯಾಸಿನಿಂದ ನಡೆಯುವ ಫ್ರಿಜ್ ಹಾಳಾಗುವುದು ಇನ್ನೊಂದು. ಅದರೊಳಗಿನ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಇಳಿದು ಹರಿಯಬೇಕು. ವಾಹನ ಓರೆಯಾಗಿ ನಿಂತರೆ ಅದು ಕೊಳವೆಯಲ್ಲೇ ನಿಂತುಬಿಡುತ್ತದೆ.

ಮೊದಲ ರಾತ್ರಿಯೇ ಪಾಠವಾಯಿತು. ಹೊರಗೆ ಮೂರು ಡಿಗ್ರಿ. ಗ್ಯಾಸ್ ಟ್ಯಾಂಕು ತುಂಬಿದೆ, ಒಳಗನ್ನು ಬಿಸಿ ಮಾಡುವ ಫರ್ನೇಸ್ ಇದೆ, ಇನ್ನೇನು ಬೇಕೆಂದು ನಿಶ್ಚಿಂತೆಯಿಂದ ಮಲಗಿದೆ. ಮೂರು ಗಂಟೆಗೆ ಎಚ್ಚರವಾದಾಗ ಮೂಗಿನ ತುದಿ ತಣ್ಣಗೆ; ಗ್ಯಾಸ್ ಸೋರಿಕೆಯ ಎಚ್ಚರಿಕೆಯ ಯಂತ್ರ ಬ್ಯಾಟರಿ ಇಳಿದಿದೆ ಎಂದು ಕೀಚ್ ಕೀಚ್ ಎನ್ನುತ್ತಿದೆ. ಗ್ಯಾಸ್ ಇದ್ದೂ ಬೆಂಕಿಯಿಲ್ಲ! ಬೆಳಗ್ಗೆ ಪಕ್ಕದ ಬಸ್ಸಿನಂತಹ ಆರ್‌ವಿಯ ಒಹಾಯೊದ ಮುದುಕರು ಕಾರಣ ಬಿಡಿಸಿ ಹೇಳಿದರು. ಫರ್ನೇಸಿನ ಬಿಸಿಗಾಳಿಯನ್ನು ತಳ್ಳುವ ಫ್ಯಾನ್ ಬ್ಯಾಟರಿಯಿಂದ ತಿರುಗುತ್ತದೆ. ಆ ಗಾಳಿಯ ರಭಸಕ್ಕೆ ಒಂದು ಚಿಕ್ಕ ರೆಕ್ಕೆಯ ಸ್ವಿಚ್ ಮೇಲೆದ್ದರೆ ಮಾತ್ರ ಬರ್ನರಿಗೆ ಗ್ಯಾಸ್ ಹೋಗುತ್ತದೆ. ಬ್ಯಾಟರಿ ಇಳಿದು ಫ್ಯಾನ್ ನಿಧಾನವಾದರೆ ಸ್ವಿಚ್ ಏಳುವುದಿಲ್ಲ, ಫರ್ನೇಸ್ ಹೊತ್ತುವುದಿಲ್ಲ. ಚಳಿಯಲ್ಲಿ ನಡುಗುವವನಿಗೆ ಗ್ಯಾಸಿನ ಮೀಟರು ಏನು ತೋರಿಸಿದರೆ ಏನು?

ನಾನು ಮೊದಲೇ ಮಾಡಬೇಕಾಗಿದ್ದ ಲೆಕ್ಕ ಇಷ್ಟೇ. ಫ್ಯಾನಿಗೆ ಸುಮಾರು 7 ಆಂಪಿಯರ್. ಚಳಿಯ ರಾತ್ರಿಯಲ್ಲಿ ಬಿಟ್ಟು ಬಿಟ್ಟು ಐದು ಗಂಟೆಯಷ್ಟು ಓಡಿದರೆ 35 ಆಂಪಿಯರ್-ಗಂಟೆ. ನನ್ನದು ಒಂದೇ 80 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂಡಿದರೆ ಅದರ ಆಯುಸ್ಸೇ ಕಡಿಮೆಯಾಗುತ್ತದೆ. ಅಂದರೆ ಫ್ಯಾನ್ ಒಂದೇ ಬಹುತೇಕ ಎಲ್ಲವನ್ನೂ ನುಂಗಿತ್ತು. ಅದರ ಮೇಲೆ ಫೋನ್ ಚಾರ್ಜ್ ಮಾಡಲು ಹಾಕಿದ ಇನ್ವರ್ಟರನ್ನು ಆರಿಸಲು ಮರೆತಿದ್ದೆ. ಮುಂದಿನ ವರ್ಷ ಗಾಲ್ಫ್ ಗಾಡಿಯ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದೆ; 220 ಆಂಪಿಯರ್-ಗಂಟೆ. ಆ ಮೇಲೆ ನಾವು ಚಳಿಗೆ ಎದ್ದದ್ದಿಲ್ಲ. ಹಾಗೆಂದು ಫರ್ನೇಸನ್ನು ರಾತ್ರಿಯೆಲ್ಲ ಉರಿಸುವುದೂ ಇಲ್ಲ. 12 ಡಿಗ್ರಿಗೆ ಇಟ್ಟು ಎರಡು ಕಂಬಳಿ ಹೊದೆಯುತ್ತೇವೆ. ನಮ್ಮ ಫರ್ನೇಸ್ ಬಿಡದೆ ಉರಿದರೆ ಒಂದು ಗ್ಯಾಲನ್ ಪ್ರೊಪೇನ್ ಮೂರೂವರೆ ಗಂಟೆಗೆ ಮುಗಿಯುತ್ತದೆ.

ಜನರೇಟರಿನ ವಿಷಯದಲ್ಲಿ ನನಗೆ ಸ್ವಲ್ಪ ಮುಂಗೋಪ. ಬೆಳಗಿನ ಐದಕ್ಕೆ ಕಾಫಿ ಯಂತ್ರಕ್ಕಾಗಿ ಅದನ್ನು ಗುಡುಗಿಸುವವರಿದ್ದಾರೆ. ಕಾಫಿಯನ್ನು ಗ್ಯಾಸ್ ಒಲೆಯ ಮೇಲೂ ಮಾಡಬಹುದು ಎಂಬುದು ಇವರಿಗೆ ಯಾರೂ ಹೇಳಿಲ್ಲವೇನೋ. ನಾವು ಸಂಜೆ ಒಂದೂವರೆ ಗಂಟೆ, ಎಲ್ಲರೂ ಎಚ್ಚರ ಇರುವಾಗ ಮಾತ್ರ ಹಾಕುತ್ತೇವೆ. ಹೊಗೆ ಪಕ್ಕದವರ ಕಿಟಕಿಯ ಕಡೆಗೆ ಹೋಗುತ್ತಿದೆಯೇ ಎಂದು ಮೊದಲು ನೋಡುತ್ತೇನೆ. ಇದು ಬರೀ ಸೌಜನ್ಯವಲ್ಲ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮಲಗಿದವರಿಗೆ ಅದರ ವಾಸನೆಯೂ ಬರುವುದಿಲ್ಲ.

ಇನ್ನು ನೀರು. ನಮ್ಮ ಟ್ಯಾಂಕು 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಇಬ್ಬರಿಗೆ ಐದು ದಿನ ಎಂದರೆ ತಲಾ ದಿನಕ್ಕೆ 15 ಲೀಟರ್. ಆದರೆ ನಿಜವಾದ ತೊಡಕು ತುಂಬುವ ಟ್ಯಾಂಕಿನದಲ್ಲ, ತುಂಬಿಕೊಳ್ಳುವ ಟ್ಯಾಂಕಿನದು. ಪಾತ್ರೆ ತೊಳೆದ, ಮೈ ತೊಳೆದ ನೀರು ಸೇರುವ ಗ್ರೇ ಟ್ಯಾಂಕು ನಮ್ಮಲ್ಲಿ 30 ಗ್ಯಾಲನ್ ಮಾತ್ರ. ಅದನ್ನು ಹುಲ್ಲಿನ ಮೇಲೆ ಬಿಡುವಂತಿಲ್ಲ. ಯಾರೂ ನೋಡದಿದ್ದರೂ ಬಿಡಬಾರದು. ಹಾಗಾಗಿ ಪಾತ್ರೆ ತೊಳೆಯುವುದನ್ನು ಒಂದು ಬೋಗುಣಿಯಲ್ಲಿ ಮಾಡಿ, ಆ ನೀರನ್ನೇ ಶೌಚಕ್ಕೆ ಸುರಿಯುತ್ತೇವೆ. ಗ್ರೇ ಟ್ಯಾಂಕಿಗೂ ಬಿಡುವು, ಹೊಸ ನೀರೂ ಉಳಿತಾಯ. ಬಟ್ಟಲು ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿಕೊಂಡರೆ ಬೋಗುಣಿಯ ನೀರಿನಲ್ಲಿ ಜಿಡ್ಡು ಕಡಿಮೆ.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದರೆ ಬೆಳಗಿನ ಆರು ಗಂಟೆಗಾಗಿ. ಕತ್ತಲು ಇನ್ನೂ ಹರಿದಿರುವುದಿಲ್ಲ. ಸೈಕಲ್ಲಿಗೆ ಮಡಚುವ ಗಾಡಿ ಕಟ್ಟಿ, ತಲೆಗೆ ದೀಪ ಬಿಗಿದು ಹೊರಟರೆ ಸಾಲು ಸಾಲುಗಳಲ್ಲಿ ಮಿಣುಕು ದೀಪಗಳು ಅಲೆಯುತ್ತಿರುತ್ತವೆ. ಮಾರುವವರಲ್ಲಿ ಹಲವರು ತಮ್ಮ ಜಾಗದಲ್ಲೇ ಆರ್‌ವಿ ನಿಲ್ಲಿಸಿಕೊಂಡು ಮಲಗಿ ಎದ್ದವರು. ಟಾರ್ಪಾಲು ಸರಿಸುತ್ತಲೇ ವ್ಯಾಪಾರ ಶುರು. ಒಂದು ಅನುಭವದ ಮಾತು: ಬಿಡಿಭಾಗದ ಸಂಖ್ಯೆ ಬರೆದುಕೊಂಡರೆ ಸಾಲದು, ರಟ್ಟಿನಲ್ಲಿ ಅದರ ಆಕಾರವನ್ನೇ ಕತ್ತರಿಸಿಕೊಂಡು ಹೋಗಬೇಕು. ಬೇರೆ ಕಾರಿನ ಬಳೆಯೂ ದೀಪದ ಬೆಳಕಿನಲ್ಲಿ ನಮ್ಮದೇ ಎನಿಸುತ್ತದೆ, ಆಸೆ ಕಣ್ಣಿಗೆ ಮಂಜು ಕವಿಸುತ್ತದೆ. ನನ್ನ ರಟ್ಟು ಮೂರು ಬಳೆಗಳನ್ನು ತಿರಸ್ಕರಿಸಿತು. ನಾಲ್ಕನೆಯದು ಕಿತ್ತಳೆ ಮೈದಾನದ ಕೊನೆಯ ಸಾಲೊಂದರಲ್ಲಿ, ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ, ದೀಪದ ಗಾಜುಗಳ ಕೆಳಗೆ ಮಲಗಿತ್ತು. 90 ಡಾಲರ್ ಎಂದ, 70ಕ್ಕೆ ಕೊಟ್ಟ. ಸಮಯ ಆರೂ ಮುಕ್ಕಾಲು.

ಅಲ್ಲಿಗೆ ನಿಲ್ಲಿಸಿದ್ದರೆ ಸಂಸಾರ ಸುಖವಾಗಿರುತ್ತಿತ್ತು. ಬುಧವಾರ ಓವರ್‌ಡ್ರೈವ್ ಇರುವ ಚಾಂಪಿಯನ್ ಗೇರ್‌ಬಾಕ್ಸ್ ಕಣ್ಣಿಗೆ ಬಿತ್ತು. ಓವರ್‌ಡ್ರೈವ್ ಇದ್ದರೆ ಹೆದ್ದಾರಿಯಲ್ಲಿ ಎಂಜಿನ್ ಕಡಿಮೆ ಸುತ್ತು ತಿರುಗುತ್ತದೆ, ಪಾಪ ಆ 85 ಅಶ್ವಗಳಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಕೊಂಡೆ. ಗಾಡಿಯಲ್ಲಿ ಎಳೆದು ತರುವಾಗಲೇ ಒಂದು ಗಾಲಿ ಸೊಟ್ಟಗಾಯಿತು. ಇಡುವುದೆಲ್ಲಿ? ಹೊರಗೆ ಬಿಟ್ಟರೆ ಮಳೆ. ಹಿಂಬದಿಯ ಪೆಟ್ಟಿಗೆಯಲ್ಲಿ ಹಾಕಿದರೆ ಹಿಂದಿನ ಅಚ್ಚಿನ ಮೇಲೆ ಭಾರ. ನಮ್ಮ ವಾಹನದ ಹಿಂಭಾಗ ಮೊದಲೇ ಜೋಲುತ್ತದೆ. ಮಲಗುವ ಜಾಗದ ಮಾತೆತ್ತುವ ಧೈರ್ಯ ನನಗಿರಲಿಲ್ಲ. ಉಳಿದದ್ದು ವಾಹನದ ಮಧ್ಯಭಾಗದಲ್ಲಿರುವ ಸ್ನಾನದ ಮನೆ. ಎಣ್ಣೆ ಬಸಿದು ಡಬ್ಬಿಗೆ ತುಂಬಿ, ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ಹೋಗುವ ತೂತಿಗೆ ಬಿರಡೆ ಹಾಕಿ, ಹಳೆಯ ಟೈರಿನ ಮೇಲೆ ಕೂರಿಸಿದೆ. ಹೆಂಡತಿ ಟವೆಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ರೀ, ಸ್ನಾನ ಮಾಡಬೇಕಾದವರು ನಾವೋ, ಅದೋ?"

ಉಳಿದ ಎರಡು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆವು. ಶುಕ್ರವಾರ ನೋಡಿದರೆ ನೀರಿನ ಟ್ಯಾಂಕು ಇನ್ನೂ ಕಾಲು ಭಾಗ ತುಂಬಿಯೇ ಇತ್ತು. ಇದನ್ನು ನಾನು ಗೇರ್‌ಬಾಕ್ಸಿನ ಪರವಾಗಿ ವಾದಿಸಲು ಬಳಸಿಕೊಂಡೆ, ಫಲಿಸಲಿಲ್ಲ.

ಶುಕ್ರವಾರದ ಬೆಳಗು ಮಾತ್ರ ಅವಳದು. ಹಳೆಯ ತುಕ್ಕು ಕಬ್ಬಿಣ ಅವಳಿಗೆ ಬೇಡ, ಆದರೆ ಕಾರುಗಳು ಪ್ರದರ್ಶನದ ಮೈದಾನಕ್ಕೆ ಬರುವುದನ್ನು ನೋಡಲು ನನಗಿಂತ ಮೊದಲು ಏಳುತ್ತಾಳೆ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಮಂಡಿಯ ಮೇಲೆ ಕಂಬಳಿ. ದಾರಿಯ ಎರಡೂ ಬದಿ ಜನ ಹೀಗೆಯೇ ಕುಳಿತಿರುತ್ತಾರೆ. 25 ವರ್ಷ ದಾಟಿದ ಯಾವ ವಾಹನವಾದರೂ ಬರಬಹುದು. ಒಳಗೆ ತೀರ್ಪುಗಾರರು 400 ಅಂಕಗಳಿಂದ ಶುರುಮಾಡಿ ಒಂದೊಂದು ದೋಷಕ್ಕೂ ಕಳೆಯುತ್ತ ಹೋಗುತ್ತಾರೆ. ಸ್ಕ್ರೂ ಬದಲಾಗಿದ್ದರೂ ಅವರ ಕಣ್ಣಿಗೆ ತಪ್ಪುವುದಿಲ್ಲ. ನನಗೆ ಆ ಲೆಕ್ಕಕ್ಕಿಂತ ಬರುವ ದಾರಿಯೇ ಇಷ್ಟ. ನಿಂತ ಕಾರು ಗೊಂಬೆ. ಓಡುವಾಗ ಅದರ ದನಿ, ಹೊಗೆ, ಸಿಟ್ಟು ಎಲ್ಲ ಗೊತ್ತಾಗುತ್ತದೆ. ಮಂಜಿನೊಳಗಿಂದ ಹಿತ್ತಾಳೆ ದೀಪದ ಕಾರುಗಳು ಸೀನುತ್ತ ಬಂದವು. ಅವುಗಳ ಹಿಂದೆ ಯಾವ ಸದ್ದೂ ಇಲ್ಲದೆ ಒಂದು ಹಬೆಯ ಕಾರು, ಬಿಳಿ ಉಸಿರು ಬಿಡುತ್ತ ತೇಲಿದಂತೆ ಸಾಗಿತು. ಒಹಾಯೊದ ಮುದುಕರು ಟೋಪಿ ತೆಗೆದರು. ಸ್ಟುಡಿಬೇಕರ್ ಒಂದು ಬಂದಾಗ ಹೆಂಡತಿ ನನ್ನ ತೋಳು ಹಿಡಿದು, "ನಮ್ಮದೂ ಒಂದು ದಿನ ಹೀಗೆ ಬರುತ್ತದಲ್ಲ?" ಎಂದಳು. ಆ ಕ್ಷಣದಲ್ಲಿ ನಾನು ಇನ್ನೂ ಎರಡು ಗೇರ್‌ಬಾಕ್ಸ್ ಕೊಳ್ಳಲು ಸಿದ್ಧನಿದ್ದೆ.

ಹೊರಡುವ ದಿನದ ಕೆಲಸಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಎಂಬ ಕೀಟ ಅಮೆರಿಕದಲ್ಲಿ ಮೊದಲು ಕಂಡದ್ದು 2014ರಲ್ಲಿ, ಇದೇ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ. ದ್ರಾಕ್ಷಿ ಬೆಳೆಗೆ ಅದು ಮಾರಿ. ಸೆಪ್ಟೆಂಬರಿನಿಂದ ಮೊಟ್ಟೆಯಿಡುವ ಕಾಲ, ಅಂದರೆ ನಾವು ಬೀಡುಬಿಟ್ಟಿರುವ ಸಮಯವೇ. ಮೊಟ್ಟೆಗಳು ಒಣಗಿದ ಮಣ್ಣು ಮೆತ್ತಿದಂತೆ ಕಾಣುತ್ತವೆ. ಮರಕ್ಕೇ ಇಡಬೇಕೆಂದಿಲ್ಲ, ಗಾಲಿಯ ಒಳಬದಿ, ಬಂಪರ್, ಮಡಚಿದ ಕುರ್ಚಿಯ ಕೊಳವೆ, ಎಲ್ಲಿಯಾದರೂ ಸರಿ. ಟಾರ್ಚ್ ಹಿಡಿದು ವಾಹನದ ಕೆಳಗೆ ಮಲಗಿ ನೋಡುತ್ತೇನೆ, ಸಿಕ್ಕಿದ್ದನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ಮದ್ಯಸಾರದ ಡಬ್ಬಿಗೆ ಹಾಕುತ್ತೇನೆ. ಇದೇ ಕಾರಣಕ್ಕೆ ಸೌದೆಯನ್ನು ಮನೆಯಿಂದ ಒಯ್ಯುವುದಿಲ್ಲ, ಉಳಿದದ್ದನ್ನು ತರುವುದೂ ಇಲ್ಲ.

ಆಮೇಲೆ ಟ್ಯಾಂಕು ಖಾಲಿ ಮಾಡುವ ಸರದಿ. ಶನಿವಾರ ಬೆಳಗ್ಗೆ ಡಂಪ್ ಸ್ಟೇಷನ್ನಿನಲ್ಲಿ ಹದಿನಾಲ್ಕು ವಾಹನ. ಶುಕ್ರವಾರ ಸಂಜೆಯೇ ಹೋಗಿದ್ದರೆ ಮೂರೋ ನಾಲ್ಕೋ ಇರುತ್ತಿದ್ದವು. ಮೊದಲು ಶೌಚದ ಕೊಳೆ ಸೇರುವ ಬ್ಲ್ಯಾಕ್ ಟ್ಯಾಂಕು, ನಂತರ ಗ್ರೇ; ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಮರೆಯಬಾರದು ಎಂದು ಯಾರಿಗೂ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಬಳೆ ಈಗ ಕಾರಿನ ಮೂತಿಯಲ್ಲಿದೆ, ರಟ್ಟು ಸುಳ್ಳು ಹೇಳಲಿಲ್ಲ. ಗೇರ್‌ಬಾಕ್ಸ್ ಗ್ಯಾರೇಜಿನ ಮೂಲೆಯಲ್ಲಿ ತನ್ನ ಸರದಿ ಕಾಯುತ್ತಿದೆ. ಬಿಸಿಲಿನ ದಿನ ಆರ್‌ವಿಯ ಬಾಗಿಲು ತೆರೆದರೆ ಈಗಲೂ ಗೇರ್ ಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತದೆ. ಬರುವ ಅಕ್ಟೋಬರಿಗೆ ಅದೇ ಬಯಲಿನಲ್ಲಿ ಜಾಗ ಕಾಯ್ದಿರಿಸಿಯಾಗಿದೆ. ಸ್ನಾನದ ಮನೆಗೆ ಬೀಗ ಹಾಕಿಸಿದ್ದೇವೆ. ಕೀಲಿ ಅವಳ ಬಳಿ ಇದೆ.