ಜರ್ಮನಿಯ ಲ್ಯಾಬಿಗೆ ಹೊರಟಿದ್ದೀರಾ? ಖರ್ಚಿನ ರೊಕ್ಕ ವಾಪಸ್ ಪಡೆಯುವುದು ಹೀಗೆ

"ಅಕ್ಕಾ, ಟಿಕೆಟ್ ರೊಕ್ಕ ಅವರೇ ಕೊಡ್ತಾರಲ್ವಾ?" ಕಲಬುರಗಿಯಿಂದ ಜರ್ಮನಿಯ ಲ್ಯಾಬುಗಳಿಗೆ ಮೂರು ತಿಂಗಳು, ಆರು ತಿಂಗಳು ಅಂತ ಹೊರಟವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಹೌದು, ಕೊಡ್ತಾರೆ. ಆದರೆ ನೀವು ಕೈಯಿಂದ ಹಾಕಿದ ಮೇಲೆ, ಕಾಗದಪತ್ರ ಸರಿ ಇದ್ದರೆ, ಒಂದೆರಡು ತಿಂಗಳು ಬಿಟ್ಟು ಕೊಡ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೊಗರಿ ಮಾರಿದ ರೊಕ್ಕ ಕೂಡಿಸಿ ಮಕ್ಕಳನ್ನು ಕಳಿಸಿರುತ್ತಾರೆ. ಅದರಲ್ಲಿ ಒಂದು ಯೂರೋ ಕೂಡ ಕಾಗದದ ತಪ್ಪಿಗೆ ಹೋಗಬಾರದು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆಹ್ವಾನ ಪತ್ರ ತೆಗೆದು ನಿಧಾನವಾಗಿ ಓದಿ. ರೊಕ್ಕ ಎರಡು ಬಗೆಯಲ್ಲಿ ಬರುತ್ತದೆ. ಒಂದು ಸ್ಟಿಪೆಂಡಿಯಮ್, ಅಂದರೆ ತಿಂಗಳಿಗೆ ಇಷ್ಟು ಅಂತ ನಿಗದಿಯಾದ ವಿದ್ಯಾರ್ಥಿವೇತನ. ಬಾಡಿಗೆ, ಊಟ, ಬಸ್ಸು ಎಲ್ಲ ಅದರಲ್ಲೇ ನಡೆಯಬೇಕು. ಅದಕ್ಕೆ ಬಿಲ್ ಕೇಳುವುದಿಲ್ಲ. ಇನ್ನೊಂದು ರೈಝೆಕೋಸ್ಟೆನ್, ಅಂದರೆ ಪ್ರಯಾಣದ ಖರ್ಚು. ಇದು ಮಾತ್ರ ಬಿಲ್ ತೋರಿಸಿ ವಾಪಸ್ ಪಡೆಯುವ ರೊಕ್ಕ. ಪ್ರಯಾಣದ ಜೊತೆ 'ಪೌಷಾಲೆ' ಅಂತ ಬರೆದಿದ್ದರೆ ಅದು ಇಡಿಗಂಟು. ಟಿಕೆಟ್ ಜಾಸ್ತಿಯಾದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆಯಾದ ಡಿಎಎಡಿಯ ವಿದ್ಯಾರ್ಥಿವೇತನದಲ್ಲಿ ವಿಮಾನದ ಖರ್ಚಿಗೆ ಹೀಗೇ ಕೊಡುತ್ತಾರೆ. ಒಂದೇ ಖರ್ಚನ್ನು ಎರಡು ಕಡೆ ತೋರಿಸುವಂತಿಲ್ಲ. ಊರಲ್ಲೇ ನಿಮ್ಮ ವಿಶ್ವವಿದ್ಯಾಲಯ ಪ್ರಯಾಣಕ್ಕೆ ಸ್ವಲ್ಪ ಕೊಟ್ಟಿದ್ದರೆ ಮೊದಲೇ ಹೇಳಿಬಿಡಿ.

ಟಿಕೆಟ್ ತೆಗೆಸುವ ಮುಂಚೆ ಒಪ್ಪಿಗೆ ಬರಹದಲ್ಲಿ ಇರಬೇಕು. ಇದಕ್ಕಿಂತ ದೊಡ್ಡ ಮಾತು ಈ ಬರಹದಲ್ಲಿಲ್ಲ. "ಬನ್ನಿ, ನೋಡ್ಕೊಳ್ತೀವಿ" ಅಂತ ಪ್ರೊಫೆಸರ್ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ರೊಕ್ಕ ಕೊಡುವುದು ಆಡಳಿತ ವಿಭಾಗ. ಎಷ್ಟರವರೆಗೆ ಕೊಡುತ್ತಾರೆ, ಯಾವ ಊರಿಂದ ಯಾವ ಊರಿಗೆ, ಹೋಗಿ ಬರುವುದಕ್ಕೋ ಒಂದು ಕಡೆಗೋ, ಎಲ್ಲ ಇಮೇಲ್‌ನಲ್ಲಿ ಬರಲಿ. ಹೊರಡುವ ಜಾಗ ಅಂತ ಹೈದರಾಬಾದ್ ಮಾತ್ರ ಹಾಕಿದ್ದರೆ ಕಲಬುರಗಿಯಿಂದ ಹೈದರಾಬಾದಿನ ತನಕದ ಸುಮಾರು 220 ಕಿ.ಮೀ. ನಿಮ್ಮ ಕೈಯಿಂದಲೇ. ಅದಕ್ಕೇ 'ಕಲಬುರಗಿಯಿಂದ' ಅಂತಲೇ ಬರೆಸಿ.

ಆಮೇಲೆ ಬಿಲ್ಲು. ಜರ್ಮನ್‌ನಲ್ಲಿ ಇದಕ್ಕೆ 'ಬೆಲೆಗ್' ಅಂತಾರೆ. ನಮ್ಮ 'ಬೆಲೆ' ನೆನೆಸಿಕೊಂಡರೆ ಮರೆಯುವುದಿಲ್ಲ. ನಾನು ರಾತ್ರಿ ಬಸ್ಸಿಗೆ ಹೈದರಾಬಾದಿಗೆ ಹೋದೆ. ಕಂಡಕ್ಟರ್ ಮಷಿನ್ನಿಂದ ಹರಿದು ಕೊಟ್ಟ ಟಿಕೆಟ್ಟನ್ನು ಪಾಸ್‌ಪೋರ್ಟ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡೆ. ಎರಡು ತಿಂಗಳ ಮೇಲೆ ಅರ್ಜಿಗೆ ಅಂಟಿಸಲು ತೆಗೆದರೆ ಬರೀ ಬಿಳಿ ಚೀಟಿ. ಮೂಲೆಯಲ್ಲಿ ದಿನಾಂಕದ ಎರಡು ಅಂಕಿ ಮಾತ್ರ ಉಳಿದಿದ್ದವು. ಕಚೇರಿಯ ಹೆಣ್ಣುಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಪಕ್ಕಕ್ಕಿಟ್ಟರು. ಆ ರೊಕ್ಕ ಬರಲಿಲ್ಲ. ಈ ಕಾಗದದ ಮೇಲೆ ಶಾಯಿ ಇರುವುದಿಲ್ಲ, ಬಿಸಿಗೆ ಮೂಡಿದ ಅಕ್ಷರ ಅದು. ಬಿಸಿಲು, ಶೆಕೆ, ಪ್ಲಾಸ್ಟಿಕ್ ಕವರ್ ತಾಗಿದರೆ ಅಳಿಸಿ ಹೋಗುತ್ತದೆ. ಹಾಗಾಗಿ ಟಿಕೆಟ್ ಕೈಗೆ ಬಂದ ಕೂಡಲೇ ಫೋಟೋ ತೆಗೆಯಿರಿ, ಜೆರಾಕ್ಸ್ ಮಾಡಿಸಿ, ಅಸಲಿ ಚೀಟಿಯನ್ನೂ ಇಟ್ಟುಕೊಳ್ಳಿ.

ಕನ್ನಡದ ಬಿಲ್ ಅವರಿಗೆ ಓದಲು ಬರುವುದಿಲ್ಲ. ಬಿಳಿ ಹಾಳೆಗೆ ಅಂಟಿಸಿ ಪಕ್ಕದಲ್ಲಿ ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ರೂಪಾಯಿ ಅಂತ ಇಂಗ್ಲಿಷ್‌ನಲ್ಲೋ ಜರ್ಮನ್‌ನಲ್ಲೋ ಬರೆಯಿರಿ. ಆ ದಿನದ ಯೂರೋ ದರವನ್ನೂ ಪ್ರಿಂಟ್ ತೆಗೆದು ಸೇರಿಸಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಏಜೆಂಟರ ಬಳಿ ವಿಮಾನದ ಟಿಕೆಟ್ ತೆಗೆಸಿದರೆ ಫೋನ್‌ಪೇ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ನಿಮ್ಮ ಹೆಸರು, ಮಾರ್ಗ, ಮೊತ್ತ ಇರುವ ಬಿಲ್ ಕೇಳಿ ಪಡೆಯಿರಿ. ಬೋರ್ಡಿಂಗ್ ಪಾಸ್ ಕೂಡ ಎಸೆಯಬೇಡಿ. ನೀವು ಹತ್ತಿದ್ದಕ್ಕೆ ಅದೇ ಸಾಕ್ಷಿ.

ಹೋದ ಮೊದಲ ತಿಂಗಳೇ ಕಷ್ಟ. ಬಾಡಿಗೆ ಮಾತಾಡುವಾಗ ಕಾಲ್ಟ್ ಅಂದರೆ ಬರೀ ಮನೆ ಬಾಡಿಗೆ. ವಾರ್ಮ್ ಅಂದರೆ ಹೀಟಿಂಗು, ನೀರು ಸೇರಿ. ಕರೆಂಟು, ಇಂಟರ್ನೆಟ್ ಅದರಲ್ಲಿದೆಯಾ ಅಂತ ಕೇಳಿಕೊಳ್ಳಿ. ಅಡ್ವಾನ್ಸಿಗೆ ಅಲ್ಲಿ ಕೌಟ್ಸಿಯೋನ್ ಅಂತಾರೆ. ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಮತ್ತು ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಈ ಹಕ್ಕು ಗೊತ್ತಿಲ್ಲದೆ ನಮ್ಮವರು ಒಂದೇ ಸಲ ಕಟ್ಟಿ, ತಿಂಗಳಿಡೀ ಕೈ ಕಟ್ಟಿಕೊಂಡು ಕೂರುತ್ತಾರೆ. ನೋಡಿದಾಗ ಸಂಕಟವಾಗುತ್ತದೆ. ಅಡ್ವಾನ್ಸ್ ಹೇಗೂ ನಿಮಗೇ ಮರಳುವ ರೊಕ್ಕ, ಅದನ್ನು ಖರ್ಚಿನ ಅರ್ಜಿಯಲ್ಲಿ ಹಾಕಲು ಬರುವುದಿಲ್ಲ. ಪ್ರಯಾಣದ ಖರ್ಚಿಗೆ ಮುಂಗಡ ಸಿಗುತ್ತದಾ ಅಂತ ಕೂಡ ಕೇಳಿ. 'ಅಬ್‌ಶ್ಲಾಗ್' ಅನ್ನುವುದು ಅದರ ಹೆಸರು. ಕೇಳುವುದಕ್ಕೆ ಸಂಕೋಚ ಬೇಡ.

ಲ್ಯಾಬಿನವರು ನಿಮ್ಮನ್ನು ಬೇರೆ ಊರಿನ ಸಮ್ಮೇಳನಕ್ಕೋ ಪ್ರಯೋಗಕ್ಕೋ ಕಳಿಸಿದರೆ ಲೆಕ್ಕವೇ ಬೇರೆ. ಹೊರಡುವ ಮುಂಚೆ ಡೀನ್ಸ್ಟ್‌ರೈಝೆ (ಅಂದರೆ ಕೆಲಸದ ಮೇಲಿನ ಪ್ರಯಾಣ) ಅರ್ಜಿಗೆ ಸಹಿ ಆಗಬೇಕು. ಜರ್ಮನಿಯ ಕೇಂದ್ರ ಸರ್ಕಾರದ ಪ್ರಯಾಣ ಖರ್ಚಿನ ಕಾನೂನಿನಲ್ಲಿ ದೇಶದೊಳಗೆ ಪೂರ್ತಿ ದಿನಕ್ಕೆ ಊಟದ ಭತ್ಯೆ 28 ಯೂರೋ. ಹೋಗುವ ದಿನ, ಬರುವ ದಿನ 14 ಯೂರೋ. ಊಟದ ಬಿಲ್ ಬೇಡ. ಆದರೆ ತಿಂಡಿ ಅವರೇ ಕೊಟ್ಟರೆ 5.60, ಒಂದು ಊಟ ಕೊಟ್ಟರೆ 11.20 ಯೂರೋ ಕಡಿತ. ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ಉಳಿದರೆ 15ನೇ ದಿನದಿಂದ ಭತ್ಯೆ ಅರ್ಧ. ಟ್ಯಾಕ್ಸಿ ಹತ್ತಿದರೆ ಬಲವಾದ ಕಾರಣ ಬರೆಯಬೇಕು. "ಬ್ಯಾಗ್ ಭಾರ ಇತ್ತು" ಅಂದರೆ ಒಪ್ಪುತ್ತಾರೆ ಅಂತ ನಂಬಬೇಡಿ. ರಾಜ್ಯಗಳಿಗೆ ಅವರವರದೇ ಕಾನೂನು ಇದೆ, ವಿಶ್ವವಿದ್ಯಾಲಯಗಳು ಹೆಚ್ಚಾಗಿ ರಾಜ್ಯದವು. ಹಾಗಾಗಿ ನಿಮ್ಮ ಕಚೇರಿಯಲ್ಲಿ ಯಾವ ಕಾನೂನು ನಡೆಯುತ್ತದೆ ಅಂತ ಮೊದಲ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.

ರೊಕ್ಕ ಬರುವ ಖಾತೆಯ ವಿಷಯ. ಜರ್ಮನ್ ಖಾತೆ ಇದ್ದರೆ 22 ಅಕ್ಷರ, ಅಂಕಿಗಳ ಐಬಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೊಟ್ಟರೆ ಸಾಕು. ಕಲಬುರಗಿಯ ಖಾತೆಗೇ ಹಾಕಿಸುವುದಾದರೆ ಸ್ವಿಫ್ಟ್ ಕೋಡ್, ಅಂದರೆ ವಿದೇಶದಿಂದ ರೊಕ್ಕ ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಕೋಡ್ ಬೇಕು. ಎಲ್ಲ ಶಾಖೆಗಳಿಗೂ ಅದು ಇರುವುದಿಲ್ಲ. ಯಾವ ಶಾಖೆಯ ಕೋಡ್ ಹಾಕಬೇಕು ಅಂತ ಹೊರಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿ. ಹೆಸರೂ ಒಂದೇ ಥರ ಇರಲಿ. ನಮ್ಮ ಕಡೆ ಮಾರ್ಕ್ಸ್‌ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರಿ ಇನ್ನೊಂದು ಇರುವುದು ಸಾಮಾನ್ಯ. 2025ರ ಅಕ್ಟೋಬರ್‌ನಿಂದ ಯೂರೋ ವಲಯದ ಬ್ಯಾಂಕುಗಳು ರೊಕ್ಕ ಕಳಿಸುವಾಗ ಹೆಸರು, ಐಬಾನ್ ತಾಳೆ ನೋಡುತ್ತವೆ. ಪಾಸ್‌ಪೋರ್ಟಿನ ಹೆಸರನ್ನೇ ಎಲ್ಲ ಕಡೆ ಬರೆಯಿರಿ.

ಕೊನೆಗೆ ಗಡುವು. ಕೇಂದ್ರದ ಕಾನೂನಿನಲ್ಲಿ ಪ್ರಯಾಣ ಮುಗಿದ 6 ತಿಂಗಳೊಳಗೆ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ. ಅರ್ಜಿ ಹಾಕಿದ ಮೇಲೂ 6 ತಿಂಗಳವರೆಗೆ ಅಸಲಿ ಬಿಲ್ ಕೇಳಬಹುದು. ಊರಿಗೆ ಬಂದ ಸಡಗರದಲ್ಲಿ ಆ ಫೈಲು ಅಟ್ಟಕ್ಕೆ ಹೋಗದಿರಲಿ. ಜರ್ಮನ್ ಖಾತೆಯನ್ನೂ ಅವಸರದಲ್ಲಿ ಮುಚ್ಚಬೇಡಿ. ನನ್ನ ಕೊನೆಯ ಕಂತು ಬಂದದ್ದು ಊರಿಗೆ ಬಂದ ಏಳನೇ ವಾರ. ಖಾತೆ ಮುಚ್ಚಲು ಪತ್ರ ಹಾಕಿದ್ದು ಅದರ ಮರುದಿನ.