25 ಅಡಿ ದಿಬ್ಬ, ಎದುರು ಗಾಳಿ: ಬೀಚಿನಲ್ಲಿ ಹ್ಯಾಂಗ್ ಗ್ಲೈಡಿಂಗ್ ಕಲಿಯುವುದು ಹೇಗೆ?

ಹ್ಯಾಂಗ್ ಗ್ಲೈಡಿಂಗ್ ಎಂದ ಕೂಡಲೇ ಬೆಟ್ಟದ ತುದಿ, ಕೆಳಗೆ ಪ್ರಪಾತ, ಹಾರಿಬಿಡುವ ಗಟ್ಟಿ ಗುಂಡಿಗೆಯವರು ಕಣ್ಣ ಮುಂದೆ ಬರುತ್ತಾರೆ. ಆದರೆ ಅಮೆರಿಕದ ಲಾಸ್ ಏಂಜಲೀಸಿನಲ್ಲಿರುವ ಡಾಕ್‌ವೈಲರ್ ಸ್ಟೇಟ್ ಬೀಚಿನಲ್ಲಿ ಕಲಿಯುವವರು ಹೊರಡುವುದು ಸುಮಾರು 25 ಅಡಿ ಎತ್ತರದ ಮರಳು ದಿಬ್ಬದಿಂದ. ಹಾರಾಟ ಮುಗಿಯುವುದಕ್ಕೆ ಹತ್ತು ಸೆಕೆಂಡ್ ಸಾಕು. ಇಷ್ಟಕ್ಕೆ ಅಷ್ಟು ದೂರ ಹೋಗಬೇಕಾ ಎಂದು ಮೂಗು ಮುರಿಯುವವರಿಗೆ ಒಂದು ಮಾತು: 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡ್, 120 ಅಡಿ. ಅದೂ ಕಡಲ ತೀರದ ಮರಳಿನ ಮೇಲೆಯೇ.

ಮಗನ ಮನೆಗೋ ಮಗಳ ಮನೆಗೋ ಎಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಕನ್ನಡಿಗರು ಈಗ ಬಹಳ. ಅಲ್ಲೇ ನೆಲೆಸಿದವರೂ ಕಡಿಮೆ ಇಲ್ಲ. ಅಂಥವರಿಗೆ ಈ ಬೀಚು ದೂರವೇನಲ್ಲ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ರನ್‌ವೇಗಳು ಮುಗಿಯುವ ಕಡೆ ಇದೆ. ಸಮುದ್ರದತ್ತ ಏರುವ ವಿಮಾನಗಳು ತಲೆಯ ಮೇಲೆಯೇ ಹೋಗುತ್ತವೆ. ರಸ್ತೆಯ ಆಚೆ ಬದಿಗೆ ಹೈಪೀರಿಯನ್ ಕೊಳಚೆ ನೀರು ಶುದ್ಧೀಕರಣ ಘಟಕ. ಪೋಸ್ಟ್‌ಕಾರ್ಡಿನ ಬೀಚು ಖಂಡಿತ ಅಲ್ಲ. ಆದರೆ ಕಲಿಯುವವರಿಗೆ ಬೇಕಾದ ಗಾಳಿ ಮತ್ತು ಮರಳು ಎರಡೂ ಇಲ್ಲಿವೆ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಸಿಬಿಡೋಣ. ನಮ್ಮ ಮಲ್ಪೆಯಲ್ಲಿ ದೋಣಿಗೆ ಹಗ್ಗ ಕಟ್ಟಿ ಮೇಲೆ ಎಳೆಯುತ್ತಾರಲ್ಲ, ಅದು ಪ್ಯಾರಾಸೇಲಿಂಗ್. ಅಲ್ಲಿ ನೀವು ಸುಮ್ನೆ ತೂಗಾಡಿದರೆ ಸಾಕು. ಹ್ಯಾಂಗ್ ಗ್ಲೈಡರಿಗೆ ದೋಣಿಯೂ ಇಲ್ಲ, ಎಂಜಿನ್ನೂ ಇಲ್ಲ. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಿಗಿದ ಬಟ್ಟೆಯ ರೆಕ್ಕೆ, ಅದರ ಕೆಳಗೆ ನೇತಾಡುವ ನೀವು, ಅಷ್ಟೇ. ಓಡಿಸುವವರೂ ನೀವೇ.

ಮೊದಲು ಗಾಳಿ ನೋಡಿ

ಕಲಿಕೆಯ ಗ್ಲೈಡರ್ ತೇಲಬೇಕಾದರೆ ಅದರ ರೆಕ್ಕೆಯ ಮೇಲೆ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಗಾಳಿ ಹರಿಯಬೇಕು. ಇಪ್ಪತ್ತೈದು ಕೆ.ಜಿ. ಹತ್ತಿರ ತೂಗುವ ರೆಕ್ಕೆ ಹೊತ್ತು ಮರಳಿನಲ್ಲಿ ಆ ವೇಗಕ್ಕೆ ಓಡುವುದು ಯಾರಿಂದಲೂ ಆಗದ ಕೆಲಸ. ಆದರೆ ಎದುರಿನಿಂದ 15 ಕಿ.ಮೀ. ಗಾಳಿ ಬೀಸುತ್ತಿದ್ದರೆ? ಉಳಿದ 15 ಮಾತ್ರ ನಿಮ್ಮ ಕಾಲಿನ ಲೆಕ್ಕ. ಇಳಿಜಾರಿನಲ್ಲಿ ಅದು ಆಗುತ್ತದೆ. ಬೀಚನ್ನು ಪಾಠಶಾಲೆ ಮಾಡಿಕೊಂಡಿರುವುದು ಇದಕ್ಕೇ.

ಹಗಲು ಏರಿದ ಹಾಗೆ ನೆಲ ಕಾಯುತ್ತದೆ, ಸಮುದ್ರ ಅಷ್ಟು ಕಾಯುವುದಿಲ್ಲ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ನೀರಿನ ಮೇಲೆ ಮರ, ಕಟ್ಟಡ, ಗುಡ್ಡ ಯಾವುದೂ ಅಡ್ಡ ಇಲ್ಲದ್ದರಿಂದ ಈ ಗಾಳಿ ಒಂದೇ ಸಮನೆ ಬೀಸುತ್ತದೆ, ಕುಲುಕುವುದಿಲ್ಲ. ದಿಬ್ಬಕ್ಕೆ ಬಡಿದಾಗ ಸ್ವಲ್ಪ ಮೇಲಕ್ಕೂ ತಿರುಗುತ್ತದೆ. ಹಾಗಾಗಿ ಮಧ್ಯಾಹ್ನದಿಂದ ಸಂಜೆಯವರೆಗಿನ ಹೊತ್ತು ಒಳ್ಳೆಯದು. ಬೆಳಿಗ್ಗೆ ಬೇಗ ಹೋಗಿ ಕಾಯುವುದರಿಂದ ಏನೂ ಸಿಗುವುದಿಲ್ಲ.

ಮೇ, ಜೂನ್ ತಿಂಗಳಲ್ಲಿ ಅಲ್ಲಿನ ಕರಾವಳಿಗೆ ಮೋಡದ ಮುಸುಕು ಬೀಳುತ್ತದೆ. ಬಿಸಿಲು ತಡವಾದರೆ ಗಾಳಿಯೂ ತಡ. ಶರತ್ಕಾಲ, ಚಳಿಗಾಲದಲ್ಲಿ 'ಸಾಂಟಾ ಆನಾ' ಎಂಬ ಒಣ ಗಾಳಿ ಮರುಭೂಮಿಯ ಕಡೆಯಿಂದ ಸಮುದ್ರದತ್ತ ಬೀಸುವ ದಿನಗಳಿರುತ್ತವೆ. ಅಂಥ ದಿನ ಗಾಳಿ ಬೆನ್ನಿಗೆ ಬರುತ್ತದೆ, ದಿಬ್ಬದ ಮುಂದೆ ಸುಳಿ ಏಳುತ್ತದೆ. ಆಗ ತರಗತಿ ರದ್ದು. ದುಡ್ಡು ಕಟ್ಟಿದ್ದೇನೆ ಎಂದು ಇನ್‌ಸ್ಟ್ರಕ್ಟರ್ ಜೊತೆ ವಾದಕ್ಕೆ ನಿಲ್ಲಬೇಡಿ. ರದ್ದು ಮಾಡುವ ಇನ್‌ಸ್ಟ್ರಕ್ಟರೇ ಒಳ್ಳೆಯವರು.

ಹೊರಡುವ ಮುನ್ನ

ಕಲಿಸುವವರಿಗೆ ಮೊದಲೇ ಫೋನ್ ಮಾಡಿ ತರಗತಿಯ ದಿನ, ಶುಲ್ಕ, ವಯಸ್ಸು ಮತ್ತು ತೂಕದ ಮಿತಿ ಕೇಳಿ. ತೂಕ ಕೇಳಿದರೆ ಸರಿಯಾಗಿಯೇ ಹೇಳಿ. ರೆಕ್ಕೆಯ ಅಳತೆ ಅದರ ಮೇಲೆ ನಿಂತಿದೆ, ನಾಚಿಕೆಯಿಂದ ಐದಾರು ಕೆ.ಜಿ. ಇಳಿಸಿದರೆ ಕಷ್ಟ ನಿಮಗೇ. ಕಲಿಸುವವರಿಗೆ ಅಮೆರಿಕದ ಹ್ಯಾಂಗ್ ಗ್ಲೈಡಿಂಗ್ ಮತ್ತು ಪ್ಯಾರಾಗ್ಲೈಡಿಂಗ್ ಸಂಘದ ಪ್ರಮಾಣಪತ್ರ ಇದೆಯೇ ಎಂದೂ ವಿಚಾರಿಸಿ. ಅಪಾಯ ಒಪ್ಪಿಕೊಂಡು ಸಹಿ ಹಾಕುವ ಕಾಗದ ಕೊಡುತ್ತಾರೆ, ಓದಿ ಹಾಕಿ. ಪ್ರವಾಸಿಗರಾದರೆ ನಿಮ್ಮ ವಿಮೆ ಇಂಥ ಆಟಗಳಿಗೆ ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳುವುದು ಇನ್ನೂ ಮುಖ್ಯ.

ಪಾದಕ್ಕೆ ಗಟ್ಟಿಯಾಗಿ ಕೂರುವ ಶೂ, ಉದ್ದನೆಯ ಪ್ಯಾಂಟು, ಸನ್‌ಸ್ಕ್ರೀನ್, ಜಾಸ್ತಿ ನೀರು. ಚಪ್ಪಲಿ ಬೇಡ. ಹೆಲ್ಮೆಟ್ ಮತ್ತು ಮೈಗೆ ಬಿಗಿದುಕೊಳ್ಳುವ ಪಟ್ಟಿಗಳ ಹಾರ್ನೆಸ್ ಅವರೇ ಕೊಡುತ್ತಾರೆ.

ರೆಕ್ಕೆ ಜೋಡಿಸುವುದು

ಗ್ಲೈಡರ್ ಬರುವುದು ಉದ್ದನೆಯ ಚೀಲದಲ್ಲಿ, ಮಡಚಿಕೊಂಡು. ಮೊದಲು ಕೆಳಗಿನ ತ್ರಿಕೋನದ ಚೌಕಟ್ಟು ನಿಲ್ಲಿಸುತ್ತಾರೆ. ಆಮೇಲೆ ರೆಕ್ಕೆ ಎರಡೂ ಕಡೆ ಹರಡಿ, ಬ್ಯಾಟನ್ ಎಂಬ ತೆಳು ಪಟ್ಟಿಗಳನ್ನು ಬಟ್ಟೆಯೊಳಗೆ ತೂರಿಸಿ, ತಂತಿಗಳನ್ನು ಬಿಗಿಯುತ್ತಾರೆ. ಕೊನೆಗೆ ಮೂಗಿನಿಂದ, ಅಂದರೆ ರೆಕ್ಕೆಯ ಮುಂದಿನ ಚೂಪು ತುದಿಯಿಂದ ಶುರುಮಾಡಿ ಒಂದು ಸುತ್ತು ಬಂದು ಪ್ರತಿ ಬೋಲ್ಟು, ಪಿನ್ನು, ತಂತಿ ಮುಟ್ಟಿ ನೋಡುತ್ತಾರೆ. ನೀವೂ ಜೊತೆಗೆ ಸುತ್ತಿ. ಫೋಟೊ ಆಮೇಲೆ ತೆಗೆದುಕೊಳ್ಳಬಹುದು. ಜೋಡಿಸಿದ ರೆಕ್ಕೆಯನ್ನು ಕೇಳದೆ ಬಿಟ್ಟು ಹೋಗಬೇಡಿ. ಗಾಳಿ ಅದನ್ನು ಮಗುಚಿ ಹಾಕಲು ಕ್ಷಣ ಸಾಕು.

ಈ ರೆಕ್ಕೆಯ ಮೂಲ ವಿನ್ಯಾಸದ ಹಿಂದೆ ಅಡುಗೆಮನೆಯ ಪರದೆ ಇದೆ. 1948ರಲ್ಲಿ ಫ್ರಾನ್ಸಿಸ್ ರೊಗ್ಯಾಲೊ ಎಂಬ ಎಂಜಿನಿಯರ್, ಹೆಂಡತಿ ಗರ್ಟ್ರೂಡ್ ಜೊತೆ ಸೇರಿ ಬಗ್ಗುವ ರೆಕ್ಕೆಯ ಗಾಳಿಪಟ ಮಾಡಿದಾಗ ಗರ್ಟ್ರೂಡ್ ಹೊಲಿದದ್ದು ಮನೆಯ ಪರದೆ ಬಟ್ಟೆಯನ್ನು. ತ್ರಿಕೋನದ ಹಿಡಿಕೆ 1963ರಲ್ಲಿ ಆಸ್ಟ್ರೇಲಿಯಾದ ಜಾನ್ ಡಿಕೆನ್ಸನ್ ಅವರಿಂದ ಬಂತು.

ಕೊಕ್ಕೆ ಹಾಕಿದೆಯೇ?

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಎಂದಾದರೆ ಇದನ್ನು ಓದಿ. ಹಾರ್ನೆಸ್ಸಿನ ಪಟ್ಟಿಯನ್ನು ಕ್ಯಾರಬೀನರ್ ಎಂಬ ಲೋಹದ ಕೊಂಡಿಯಿಂದ ಗ್ಲೈಡರಿಗೆ ಸೇರಿಸುತ್ತಾರೆ. ನಿಮ್ಮ ಪೂರ್ತಿ ಭಾರ ಅದರ ಮೇಲೆ. ಇದನ್ನು ಹಾಕದೆ ಓಡಿಬಿಟ್ಟರೆ ರೆಕ್ಕೆ ಏಳುತ್ತದೆ, ನೀವು ಬರೀ ಕೈಯಲ್ಲಿ ಜೋತಾಡುತ್ತೀರಿ. ಹೊಸಬರಷ್ಟೇ ಅಲ್ಲ, ವರ್ಷಗಟ್ಟಲೆ ಹಾರಿದವರೂ ಹೀಗೆ ಮರೆತು ಪ್ರಾಣ ಕಳೆದುಕೊಂಡದ್ದುಂಟು.

ಅದಕ್ಕೇ 'ಹ್ಯಾಂಗ್ ಚೆಕ್' ಇದೆ. ಒಬ್ಬರು ಗ್ಲೈಡರಿನ ಮೂಗು ಹಿಡಿದು ನಿಲ್ಲುತ್ತಾರೆ. ನೀವು ಹಾರ್ನೆಸ್ಸಿನಲ್ಲಿ ಪೂರ್ತಿ ಭಾರ ಬಿಟ್ಟು ನೇತಾಡುತ್ತೀರಿ. ಪಟ್ಟಿ ತಿರುಚಿಲ್ಲ, ಕೊಂಡಿಯ ಬಾಯಿ ಮುಚ್ಚಿದೆ, ಕಾಲಿನ ಪಟ್ಟಿಗಳೆರಡೂ ಬಿಗಿದಿವೆ, ಎತ್ತರ ಸರಿಯಿದೆ ಎಂದು ನೋಡಿಕೊಳ್ಳಬೇಕು. ಓಡುವ ಕ್ಷಣದಲ್ಲೂ ರೆಕ್ಕೆಯನ್ನು ಮೇಲೆತ್ತಿ, ಪಟ್ಟಿ ಸೊಂಟಕ್ಕೆ ಎಳೆದ ಹಾಗಾಯಿತೇ ಎಂದು ಇನ್ನೊಮ್ಮೆ ಗಮನಿಸಿ. 25 ಅಡಿ ದಿಬ್ಬಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಅಭ್ಯಾಸ ಬೀಳುವುದು ಇಲ್ಲೇ, ಅಲ್ವಾ?

ಓಟ

ಸಮತಟ್ಟು ಮರಳಿನಲ್ಲಿ ಮೊದಲ ಪಾಠ. ಚೌಕಟ್ಟಿನ ಎರಡು ನಿಲುವುಗಂಬಗಳ ನಡುವೆ ನಿಂತು, ಮೊಣಕಾಲು ಬಗ್ಗಿಸಿ, ಗ್ಲೈಡರನ್ನು ಭುಜದ ಮೇಲೆ ಎತ್ತಿ. ಎರಡೂ ರೆಕ್ಕೆ ಸಮ ಇರಲಿ. ಮೂಗು ನೇರ ಗಾಳಿಗೆ, ತುಸುವೇ ಮೇಲೆ. ಮೂಗು ಜಾಸ್ತಿ ಎತ್ತಿದರೆ ಗಾಳಿ ಹಿಂದಕ್ಕೆ ತಳ್ಳುತ್ತದೆ. ಪೂರ್ತಿ ತಗ್ಗಿಸಿದರೆ ರೆಕ್ಕೆ ಏಳುವುದೇ ಇಲ್ಲ.

ಆಮೇಲೆ ದಿಬ್ಬದ ಮೇಲೆ. ಕಣ್ಣು ದೂರದ ಒಂದು ಗುರುತಿನ ಮೇಲಿರಲಿ, ಕಾಲ ಮೇಲಲ್ಲ. ಎರಡು ಹೆಜ್ಜೆ ನಡೆಯಿರಿ, ವೇಗ ಹೆಚ್ಚಿಸಿ, ಕೊನೆಗೆ ಉದ್ದುದ್ದ ಹೆಜ್ಜೆ ಹಾಕಿ ಜೋರಾಗಿ ಓಡಿ. ಭುಜದ ಭಾರ ಇಳಿಯುತ್ತದೆ, ಪಟ್ಟಿ ಬಿಗಿಯಾಗುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ. ಹಗುರಾದ ಕೂಡಲೇ ಹಾರಿಬಿಟ್ಟೆ ಎಂದು ಕಾಲು ಮಡಚಿ ಕೂತುಬಿಡುತ್ತಾರೆ. ವೇಗ ಸಾಲದೆ ರೆಕ್ಕೆ ಅವರನ್ನು ಮರಳಿನಲ್ಲಿ ಕೂರಿಸುತ್ತದೆ. ಕಾಲು ನೆಲ ಬಿಟ್ಟ ಮೇಲೂ ಗಾಳಿಯಲ್ಲೇ ಓಡುತ್ತಿರಿ. ನೋಡುವವರು ನಗಲಿ ಬಿಡಿ. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಓಡುತ್ತಾ ಹೇಳಿಕೊಡುತ್ತಿರುತ್ತಾರೆ.

ಮನೆಯವರಿಗೂ ಒಂದು ಸೂಚನೆ. ವಿಡಿಯೊ ಮಾಡುವವರು ದಿಬ್ಬದ ಬದಿಗೆ ನಿಲ್ಲಿ, ಎದುರಿಗೆ ಬೇಡ. "ಹುಷಾರು ಕಣೋ" ಎಂದು ಕೂಗುವುದೂ ಬೇಡ. ಆ ಹತ್ತು ಸೆಕೆಂಡಿನಲ್ಲಿ ಕೇಳಬೇಕಾದ್ದು ಒಂದೇ ದನಿ.

ಗಾಳಿಯಲ್ಲಿ

ಇಲ್ಲಿ ಸ್ಟೀರಿಂಗೂ ಇಲ್ಲ, ಪೆಡಲ್ಲೂ ಇಲ್ಲ. ಮೈಯ ಭಾರ ಸರಿಸುವುದೇ ಚಾಲನೆ. ಚೌಕಟ್ಟನ್ನು ನಿಮ್ಮತ್ತ ಎಳೆದರೆ ಮೈ ಮುಂದೆ ಹೋಗುತ್ತದೆ, ಮೂಗು ತಗ್ಗುತ್ತದೆ, ವೇಗ ಏರುತ್ತದೆ. ಮುಂದಕ್ಕೆ ತಳ್ಳಿದರೆ ಮೂಗು ಏರುತ್ತದೆ, ವೇಗ ಇಳಿಯುತ್ತದೆ. ಎಡಕ್ಕೆ ಹೋಗಬೇಕಾದರೆ ಸೊಂಟ ಎಡಕ್ಕೆ ಸರಿಸಿ. ಕೈಯಿಂದ ಚೌಕಟ್ಟನ್ನು ತಿರುಚಿದರೆ ಏನೂ ಆಗುವುದಿಲ್ಲ.

ಹೆದರಿಕೆಯಲ್ಲಿ ನಮ್ಮ ಕೈ ತಂತಾನೇ ಮುಂದಕ್ಕೆ ತಳ್ಳುತ್ತದೆ, ನೆಲದಿಂದ ದೂರ ಹೋಗಬೇಕೆಂದು. ಮಾಡಬಾರದ್ದು ಅದೇ. ಮೂಗು ಎದ್ದು ವೇಗ ಸತ್ತರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಬರ್ಲಿನ್ ಹತ್ತಿರ ತಾನೇ ಗುಡ್ಡ ಕಟ್ಟಿಸಿಕೊಂಡು ಅಭ್ಯಾಸ ಮಾಡಿದವರು, ಸಾವಿರಾರು ಸಲ ಹಾರಿದವರು. 1896ರ ಆಗಸ್ಟಿನಲ್ಲಿ ಅವರನ್ನು ಬೀಳಿಸಿದ್ದೂ ಸ್ಟಾಲ್. ಕಲಿಕೆಯ ಇಂದಿನ ಗ್ಲೈಡರುಗಳು ಇದರಲ್ಲಿ ಬಹಳ ಕ್ಷಮಿಸುತ್ತವೆ, ಆದರೂ ತುಸು ಎಳೆದುಕೊಂಡೇ ಹಾರುವುದು ಲೇಸು. ಬಸ್ಸಿನಲ್ಲಿ ನಿಂತವರು ಕಂಬಿಗೆ ಜೋತುಬೀಳುವ ಹಾಗೆ ಚೌಕಟ್ಟಿಗೆ ಜೋತುಬೀಳಬೇಡಿ. ನಿಮ್ಮನ್ನು ಹೊತ್ತಿರುವುದು ಹಾರ್ನೆಸ್, ಕೈಯಲ್ಲ. ಬೆರಳಿನ ಹಿಡಿತ ಸಾಕು.

ಇಳಿಯುವುದು

ನೆಲ ಹತ್ತಿರವಾದಾಗಲೂ ನೋಟ ಮುಂದೆಯೇ ಇರಲಿ. ರೆಕ್ಕೆ ಸಮ, ದಿಕ್ಕು ಗಾಳಿಗೆ ಎದುರು. ವೇಗ ತಾನಾಗಿ ಕರಗುತ್ತಾ ಬಂದು, ಇನ್ನೇನು ತೇಲಲಾರದು ಎನ್ನುವಾಗ ಎರಡೂ ಕೈಯಿಂದ ಚೌಕಟ್ಟನ್ನು ಮೇಲಕ್ಕೆ, ಮುಂದಕ್ಕೆ ಪೂರ್ತಿ ತಳ್ಳಿ. ಇದೇ ಫ್ಲೇರ್. ರೆಕ್ಕೆ ಬ್ರೇಕಿನಂತಾಗಿ ನಿಂತಲ್ಲೇ ಇಳಿಸುತ್ತದೆ. ಬೇಗ ತಳ್ಳಿದರೆ ಮೇಲೆದ್ದು ಧೊಪ್ಪನೆ ಬೀಳುತ್ತೀರಿ. ತಡವಾದರೆ ಓಡಿಕೊಂಡು ಇಳಿಯಬೇಕು. ಅದರಲ್ಲೇನೂ ತಪ್ಪಿಲ್ಲ, ಮೊದಲ ದಿನ ಅದೇ ಸುಲಭ. ಚೌಕಟ್ಟಿನ ಕೆಳಗೆ ಚಕ್ರಗಳಿರುತ್ತವೆ, ಮುಗ್ಗರಿಸಿದರೂ ಗ್ಲೈಡರ್ ಉರುಳಿಕೊಂಡು ಹೋಗುತ್ತದೆ. ಮುಗ್ಗರಿಸುವಾಗ ಕೈ ಚಾಚಿ ನೆಲಕ್ಕೆ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ.

ಇಳಿದ ಕೂಡಲೇ ಜಾಗ ಬಿಟ್ಟುಕೊಡಿ, ಹಿಂದೆ ಇನ್ನೊಬ್ಬರಿದ್ದಾರೆ. ಆಮೇಲೆ ರೆಕ್ಕೆಯ ಜೊತೆ ಮತ್ತೆ ದಿಬ್ಬ ಹತ್ತಬೇಕು. ನಿಜವಾದ ಸುಸ್ತು ಇಲ್ಲಿ. ನಾಲ್ಕನೆಯದೋ ಐದನೆಯದೋ ಹೊತ್ತಿಗೆ ಕಾಲು ಸೋತು ಓಟ ಕೆಡುತ್ತದೆ. ಆಗ ಕೂತು ನೀರು ಕುಡಿಯಿರಿ, ಬೇರೆಯವರ ಓಟ ನೋಡಿ.

ಮುಂದಕ್ಕೆ

ಅಮೆರಿಕದ ಸಂಘ ಐದು ಹಂತದ ಶ್ರೇಣಿ ಇಟ್ಟಿದೆ. ಮೊದಲನೆಯದು ಇಂಥ ದಿಬ್ಬದಲ್ಲೇ ಸಿಗುತ್ತದೆ. ಆದರೆ ಒಂದು ಮಧ್ಯಾಹ್ನದಲ್ಲಿ ಅಲ್ಲ. ನೇರ ಹಾರಾಟ, ಸಮ ವೇಗ, ಕಾಲ ಮೇಲೆ ಇಳಿಯುವುದು ಮತ್ತೆ ಮತ್ತೆ ಸರಿಬರಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಫೋರ್ಟ್ ಫನ್‌ಸ್ಟನ್‌ನಲ್ಲಿ ಸುಮಾರು 200 ಅಡಿ ಎತ್ತರದ ಕಡಲ ದಂಡೆಯಿಂದ ಹಾರುವವರು ಗಾಳಿ ಇರುವಷ್ಟು ಹೊತ್ತು ಮೇಲೆಯೇ ಇರಬಲ್ಲರು. ಅಲ್ಲಿಗೆ ಮೂರನೇ ಹಂತ ಬೇಕು. ನೋಡಲು ಮಾತ್ರ ಯಾವ ಶ್ರೇಣಿಯೂ ಬೇಡ. ಆ ಕಡೆ ಹೋದರೆ ಮಧ್ಯಾಹ್ನದ ಮೇಲೆ ಹೋಗಿ. ಅವರು ಕೊಂಡಿ ಎಷ್ಟು ಸಲ ಮುಟ್ಟಿ ನೋಡುತ್ತಾರೆ, ಗಾಳಿಗೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಗಮನಿಸಿ.