ಮೊದಲು ಮ್ಯೂಸಿಯಂ, ಆಮೇಲೆ ಮರುಭೂಮಿ: ಅಮ್ಮನ ಜೊತೆ ನವಾಹೋ ನಾಡಿನಲ್ಲಿ

ಮೂರನೇ ಸಲಕ್ಕೆ ಸರಿಹೋಯ್ತು. ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಮೂಲೆ, ಅಂದರೆ ಮೂಲನಿವಾಸಿ ನವಾಹೋ ಜನರ ನಾಡು, ಏಪ್ರಿಲ್, ಐದು ದಿನ, ಜೊತೆಗೆ 70 ದಾಟಿದ ಅಮ್ಮ. "ಮೊದಲ ದಿನಾನೇ ಮ್ಯೂಸಿಯಂಗೆ ಯಾಕೆ ಹಾಳು ಮಾಡ್ತೀಯ? ಸುಮ್ನೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿ ಕರ್ಕೊಂಡು ಬಾ" ಅಂದಿದ್ದರು ಫೀನಿಕ್ಸ್ ಗೆಳೆಯರು. ನಾನು ಕೇಳಲಿಲ್ಲ.

ಹಿಂದಿನ ಎರಡು ಸಲ ದುಡ್ಡು ಕಳೆದದ್ದೇ ಜಾಸ್ತಿ. ಮೊದಲ ಸಲ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ 80 ಡಾಲರಿನ ವಾರ್ಷಿಕ ಪಾಸ್ ನಂಬಿ ಮಾನ್ಯುಮೆಂಟ್ ವ್ಯಾಲಿಗೆ ಹೋದೆ. ಅದು ನವಾಹೋ ಜನರದೇ ಪಾರ್ಕ್, ಅಲ್ಲಿ ಸರ್ಕಾರಿ ಪಾಸ್ ನಡೆಯಲ್ಲ. ಎರಡನೇ ಸಲದ ಪೆಟ್ಟು ದೊಡ್ಡದು. ಕ್ಯಾನ್ಯನ್ ಡಿ ಶೇ ಕಣಿವೆ ಪಕ್ಕದ ಚಿನ್ಲೀ ಊರಲ್ಲಿ 9 ಗಂಟೆಗೆ ಕಣಿವೆಗಿಳಿಯುವ ಜೀಪ್, ಸುಮಾರು 170 ಡಾಲರ್ ಮುಂಗಡ ಕೊಟ್ಟಾಗಿತ್ತು. ಫೀನಿಕ್ಸ್ ಸಮಯದಲ್ಲಿ 9ಕ್ಕೆ ತಲುಪಿದೆ. ಅಲ್ಲಿ ಆಗಲೇ 10! ಬೇಸಿಗೆಯಲ್ಲಿ ಅರಿಜೋನಾ ಗಡಿಯಾರ ಒಂದು ಗಂಟೆ ಮುಂದೆ ಇಡಲ್ಲ, ನವಾಹೋ ನಾಡು ಇಡುತ್ತೆ, ಅದರ ನಡುವೆ ಇರುವ ಇನ್ನೊಂದು ಮೂಲನಿವಾಸಿ ಜನರ ಹೋಪಿ ನಾಡು ಮತ್ತೆ ಇಡಲ್ಲ. ಟವರ್ ಬದಲಾದಂತೆಲ್ಲ ಫೋನಿನ ಸಮಯವೂ ಹಿಂದೆ ಮುಂದೆ ಆಗುತ್ತೆ. ಈ ಸಲ ಕೈಗಡಿಯಾರ ನವಾಹೋ ಸಮಯಕ್ಕಿಟ್ಟೆ, ಅದನ್ನಷ್ಟೇ ನಂಬಿದೆ.

ಮೊದಲ ದಿನ ಫೀನಿಕ್ಸಿನ ಹರ್ಡ್ ಮ್ಯೂಸಿಯಂ, ಅಲ್ಲಿರೋದು ಅಮೆರಿಕದ ಮೂಲನಿವಾಸಿಗಳ ಕಲೆ. ಅಮ್ಮ ಇಳಕಲ್ಲಿನವರು. ನೇಯ್ಗೆ ಮುಂದೆ ನಿಂತವರು ಕದಲಲಿಲ್ಲ. ಮರುದಿನ ನವಾಹೋ ನಾಡಿನ ಗನಾಡೋ ಊರಿನ ಹಳೇ ವ್ಯಾಪಾರದಂಗಡಿ, ಹಬ್ಬೆಲ್ ಟ್ರೇಡಿಂಗ್ ಪೋಸ್ಟ್. ಅಲ್ಲಿ ನಿಂತ ಮಗ್ಗ. ಮೇಲಿಂದ ಕೆಳಗೆ ಬಿಗಿದ ಹಾಸು. ನೇಯುವಾಕೆ ಉಣ್ಣೆಯ ಹೊಕ್ಕನ್ನು ಬೆರಳಲ್ಲೇ ತೂರಿಸಿ, ಮರದ ಬಾಚಣಿಗೆಯಿಂದ ಟಪಟಪ ಬಡಿದು ಕೂರಿಸುತ್ತಿದ್ದರು. "ಇದಕ್ಕ ಕುಣಿನೂ ಇಲ್ಲ, ಲಾಳಿನೂ ಇಲ್ಲಲ್ಲೋ!" ಅಂದರು ಅಮ್ಮ. ಹಿಂದಿನ ದಿನ ಮ್ಯೂಸಿಯಂ ನೋಡಿರದಿದ್ದರೆ ಇಲ್ಲಿ ಐದು ನಿಮಿಷವೂ ನಿಲ್ಲುತ್ತಿರಲಿಲ್ಲ.

ಕ್ಯಾನ್ಯನ್ ಡಿ ಶೇ 1931ರಿಂದ ರಾಷ್ಟ್ರೀಯ ಸ್ಮಾರಕ, ಆದರೆ ನೆಲ ನವಾಹೋ ಜನರದು. ಮೇಲಿನ ಅಂಚಿನಿಂದ ನೋಡಲು ದುಡ್ಡಿಲ್ಲ. ಕೆಳಗೆ ಅವರ ಮನೆ, ಹೊಲ ಇವೆ, ಹಾಗಾಗಿ ಅವರದೇ ಗೈಡ್ ಜೊತೆ ಇಳಿಯಬೇಕು. 1864ರಲ್ಲಿ ಅಮೆರಿಕದ ಸೈನ್ಯ ಇಲ್ಲಿನ ಪೀಚ್ ಮರಗಳನ್ನು ಕಡಿದು, ಜನರನ್ನು ನೂರಾರು ಮೈಲಿ ನಡೆಸಿ ಹೊರಗಟ್ಟಿತು. 1868ರ ಒಪ್ಪಂದದ ಮೇಲೆ ಅವರು ವಾಪಸ್ ಬಂದರು. ಇದನ್ನು ನಮ್ಮ ಗೈಡ್ ಜೀಪ್ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹೇಳಿದರು. ಅವರನ್ನು ಹೇಗೆ ಹುಡುಕಿದೆ ಅನ್ನೋದು ನನ್ನಲ್ಲೇ ಇರಲಿ.

ಹೋಪಿ ಹಳ್ಳಿಗಳಲ್ಲಿ ಫೋಟೋ ಬೇಡ, ರೆಕಾರ್ಡಿಂಗ್ ಬೇಡ, ಚಿತ್ರ ಬರೆಯೋದೂ ಬೇಡ. ಫೋನ್ ಕಾರಲ್ಲೇ ಬಿಟ್ಟೆವು. ಮರಗಳೇ ಕಲ್ಲಾಗಿರುವ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಅರ್ಧ ದಿನ ಸಾಕು. ಅಲ್ಲಿ ಪಾಸ್ ನಡೆಯುತ್ತೆ. ಕಲ್ಲಾದ ಮರದ ಚೂರನ್ನೂ ಎತ್ತಬೇಡಿ.

ಒಟ್ಟು ಖರ್ಚು ಇಬ್ಬರಿಗೆ 1,100 ಡಾಲರ್ ಆಸುಪಾಸು. ಗೆಳೆಯರ ಲೆಕ್ಕ 2,000 ಇತ್ತು!

ಇನ್ನೊಂದು. ನವಾಹೋ ನಾಡಲ್ಲಿ ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಜೂನಿಪರ್ ಅನ್ನೋ ಮರದ ಸೊಪ್ಪಿನ ಬೂದಿ ಸೇರಿಸಿ ಗಂಜಿ ಕಾಯಿಸುತ್ತಾರೆ. ಎರಡು ಪೊಟ್ಟಣ ಹಿಟ್ಟು ತಂದು ಮುದ್ದೆ ಮಾಡೋಕೆ ಹೋದೆವು. ಎರಡು ಸಲ ಉಂಡೆ ನಿಲ್ಲಲೇ ಇಲ್ಲ. ಅರ್ಧಕ್ಕರ್ಧ ರಾಗಿ ಬೆರೆಸಿದಾಗ ನಿಂತಿತು. ಬೂದಿ ಎಷ್ಟು ಹಾಕಬೇಕು ಅನ್ನೋದು ಅಮ್ಮನ ಕೈಲೆಕ್ಕ, ಅದನ್ನು ಬರೆಯೋಕೆ ಅವರು ಬಿಡಲಿಲ್ಲ.